ಟೊಳ್ಳು ಯಾವುದು, ಗಟ್ಟಿ ಯಾವುದು? ವಿವೇಕದ ಒಂದು ಪಾಠ



ಈ ಸಲದ ಅಧ್ಯಯನಕ್ಕೆ ತೆಗೆದುಕೊಂಡಿರುವ ಪದ ‘ವಿವೇಕ’. ಚಿಕ್ಕಂದಿನಿಂದ ಕೇಳಿ ಕೇಳಿ ಸವೆದುಹೋದ ಪದ ಇದು. “ಸ್ವಲ್ಪನಾದ್ರೂ ವಿವೇಕ ಬೇಡ್ವಾ ನಿಂಗೆ?” ಅಂತ ಮನೆಯಲ್ಲಿ ಬೈಸಿಕೊಳ್ಳದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಆ ವಿವೇಕ ಅಂದ್ರೇನು, ಅದನ್ನ ಎಲ್ಲಿಂದ ತರೋದು ಅಂತ ಕೂತು ಬಿಡಿಸಿ ಹೇಳಿದವರು ಕಡಿಮೆ.

ಊರಲ್ಲಿದ್ದಾಗ ಅದರ ಕೊರತೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮನೆ ನೋಡೋಕೆ ಅಪ್ಪ ಬರುತ್ತಿದ್ದರು, ಬ್ಯಾಂಕಿನ ಕಾಗದ ಓದೋಕೆ ಚಿಕ್ಕಪ್ಪ ಇರುತ್ತಿದ್ದರು, “ಅವರ ಸಹವಾಸ ಬೇಡ ಕಣೋ” ಅನ್ನೋಕೆ ಅಜ್ಜಿ ಇರುತ್ತಿದ್ದರು. ನಮ್ಮ ಪಾಲಿನ ವಿವೇಕವನ್ನು ಮನೆಯವರೆಲ್ಲ ಹಂಚಿಕೊಂಡು ಹೊತ್ತಿದ್ದರು ಅನ್ನಬಹುದು. ಹೀಥ್ರೂನಲ್ಲಿ ಇಳಿದ ದಿನದಿಂದ ಆ ಹೊರೆ ನಮ್ಮ ತಲೆಯ ಮೇಲೇ ಬಂತು. ಬಾಡಿಗೆ ಒಪ್ಪಂದ, ಕೆಲಸ, ವೀಸಾ, ಸ್ನೇಹ, ಸಾಲ ಎಲ್ಲದರಲ್ಲೂ ಯಾರ ಮಾತು ನಂಬಬೇಕು, ಎಷ್ಟು ನಂಬಬೇಕು ಅನ್ನೋದನ್ನು ನಾವೇ ತೀರ್ಮಾನಿಸಬೇಕು. ಅದಕ್ಕೇ ಈ ಪಾಠ.

ಪದದ ಒಳಗೇ ಇರುವ ಅರ್ಥ

ವಿವೇಕ ಸಂಸ್ಕೃತದಿಂದ ಬಂದ ಪದ. ಅದರ ಧಾತು ‘ವಿಚ್’. ಬೇರ್ಪಡಿಸು ಅಂತ ಅರ್ಥ. ‘ವಿವೇಚನೆ’ ಕೂಡ ಅದೇ ಬೇರಿನಿಂದ ಬಂದದ್ದು. ಹಾಲು ನೀರು ಬೆರೆತಿದ್ದರೂ ಹಂಸ ಹಾಲನ್ನಷ್ಟೇ ಹೀರುತ್ತದೆ ಅನ್ನುವ ಕವಿಗಳ ನಂಬಿಕೆಯಿಂದ ‘ನೀರಕ್ಷೀರ ವಿವೇಕ’ ಅನ್ನುವ ಮಾತು ಬಂತು. ಹಂಸದವರೆಗೆ ಹೋಗೋದು ಬೇಡ ಅಂದರೆ ಅಡುಗೆಮನೆಯ ಮೊರ ಸಾಕು. ಮೊರದಲ್ಲಿ ಕೇರಿದಾಗ ಜೊಳ್ಳು ಹಾರಿಹೋಗುತ್ತೆ, ಕಾಳು ಉಳಿಯುತ್ತೆ. ಜರಡಿ ಇದಕ್ಕೆ ತದ್ವಿರುದ್ಧ. ಹಿಟ್ಟನ್ನೆಲ್ಲ ಕೆಳಗೆ ಬಿಟ್ಟು ತರಿಯನ್ನು ತಾನು ಹಿಡಿದುಕೊಳ್ಳುತ್ತೆ. ಒಂದು ಭಾಷಣ ಕೇಳಿ ಬಂದ ಮೇಲೆ ಇಬ್ಬರು ಗೆಳೆಯರನ್ನು ವಿಚಾರಿಸಿ ನೋಡಿ, ಯಾರು ಮೊರ, ಯಾರು ಜರಡಿ ಅಂತ ತಕ್ಷಣ ಗೊತ್ತಾಗುತ್ತೆ.

ಇದರ ಜೊತೆಗೆ ಕನ್ನಡದ್ದೇ ಆದ ಇನ್ನೊಂದು ಪದ ಇದೆ: ‘ತಿಳಿ’. ಈ ಪದಕ್ಕೆ ಎರಡು ಅರ್ಥ. ತಿಳಿ ಅಂದರೆ ಗೊತ್ತುಮಾಡಿಕೋ. ತಿಳಿ ಅಂದರೆ ಸ್ವಚ್ಛವಾದದ್ದು ಅಂತಲೂ ಹೌದು. ತಿಳಿನೀರು, ತಿಳಿಸಾರು, ತಿಳಿಯಾದ ಆಕಾಶ. ಮಳೆಗಾಲದಲ್ಲಿ ಕೊಡದ ನೀರು ಬಗ್ಗಡವಾಗಿದ್ದರೆ ಅಮ್ಮ ಏನು ಮಾಡುತ್ತಾರೆ? ಅಲ್ಲಾಡಿಸದೆ ಬಿಡುತ್ತಾರೆ. ಮಣ್ಣು ತಳಕ್ಕೆ ಇಳಿಯುತ್ತೆ, ನೀರು ತಿಳಿಯಾಗುತ್ತೆ. ತಿಳಿವು, ತಿಳಿವಳಿಕೆ ಅನ್ನುವ ಪದಗಳು ಈ ಕೊಡದ ಪಕ್ಕದಲ್ಲೇ ಹುಟ್ಟಿದ ಹಾಗಿವೆ. ಕೈ ಹಾಕಿ ಕಲಕಿದಷ್ಟೂ ನೀರು ತಿಳಿಯಾಗೋದಿಲ್ಲ.

ಈ ಎರಡು ಪದಗಳನ್ನು ಒಟ್ಟಿಗೆ ಇಟ್ಟರೆ ನಮ್ಮ ಪಾಠದ ಸೂತ್ರ ಸಿಗುತ್ತೆ. ಜೊತೆಜೊತೆಯಾಗಿ ಬಂದದ್ದನ್ನು ಬಿಡಿಸಿ ನೋಡೋದು ವಿವೇಕ. ಬಿಡಿಸಿ ನೋಡಲು ಮನಸ್ಸು ತಿಳಿಯಾಗಿರಬೇಕು. ಉಳಿದದ್ದೆಲ್ಲ ಇದರ ವಿವರಣೆ.

ಸೌತ್ ಕೆನ್ಸಿಂಗ್ಟನ್ನಿನ ಒಬ್ಬ ವಿದ್ಯಾರ್ಥಿ

ನಮಗಿಂತ ನೂರು ವರ್ಷಕ್ಕೂ ಮೊದಲು ಇದೇ ಊರಿನಲ್ಲಿ ಓದಿದ ಒಬ್ಬರನ್ನು ನೆನೆಯೋಣ. ತ್ಯಾಗರಾಜ ಪರಮಶಿವ ಕೈಲಾಸಂ, ನಮ್ಮ ಟಿ. ಪಿ. ಕೈಲಾಸಂ. ಮನೆಮಾತು ತಮಿಳು. ತಂದೆ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಭೂವಿಜ್ಞಾನ ಕಲಿಯಲು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಬಂದರು. ಆ ಕಾಲೇಜು 1907ರಲ್ಲಿ ಇಂಪೀರಿಯಲ್ ಕಾಲೇಜಿನ ಭಾಗವಾಯಿತು. ಹಾಗಾಗಿ ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಲ್ಲಿ ಇಳಿದು ತರಗತಿಗೆ ಓಡುವ ನಮ್ಮ ಸ್ನೇಹಿತರು ಒಂದರ್ಥದಲ್ಲಿ ಕೈಲಾಸಂ ಅವರ ಕಿರಿಯ ಸಹಪಾಠಿಗಳು. ಹಗಲು ಕಲ್ಲಿನ ಪಾಠ, ಸಂಜೆ ಲಂಡನ್ನಿನ ರಂಗಭೂಮಿ. ಊರಿಗೆ ಮರಳಿ ಮೈಸೂರಿನ ಭೂವಿಜ್ಞಾನ ಇಲಾಖೆ ಸೇರಿದರು. ಆಮೇಲೆ ಆ ಕೆಲಸ ಬಿಟ್ಟರು, ನಾಟಕದಲ್ಲಿ ಉಳಿದರು. 1945ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಅವರ ಮೊದಲ ಹೆಸರಾಂತ ನಾಟಕ 1918ರ ‘ಟೊಳ್ಳುಗಟ್ಟಿ’. ಹೆಸರೇ ಒಂದು ಪರೀಕ್ಷೆ. ತೆಂಗಿನಕಾಯಿ ಕೊಳ್ಳುವಾಗ ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವಲ್ಲ, ಹಾಗೆ ಮನುಷ್ಯರನ್ನು ತಟ್ಟಿ ನೋಡುವ ನಾಟಕ ಇದು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಪುಟ್ಟು ಪರೀಕ್ಷೆಯಲ್ಲಿ ಮುಂದು. ಅಪ್ಪನ ಹೆಮ್ಮೆಯೆಲ್ಲ ಅವನ ಮೇಲೆ. ಮಾಧು ಪರೀಕ್ಷೆಯಲ್ಲಿ ಹಿಂದು, ಮನೆಯವರ ಕಷ್ಟಸುಖಕ್ಕೆ ಮುಂದು. ಮನೆಗೆ ಆಪತ್ತು ಬಂದ ಹೊತ್ತಿನಲ್ಲಿ ಯಾರು ಗಟ್ಟಿ, ಯಾರು ಟೊಳ್ಳು ಅನ್ನೋದು ಬಯಲಾಗುತ್ತೆ. ನಿಜವಾದ ಸ್ಕೂಲು ಮನೆಯಲ್ಲೇ ಇದೆಯಲ್ಲವೇ ಅನ್ನೋದು ನಾಟಕ ಕೇಳುವ ಪ್ರಶ್ನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಓದಿದವರೆಲ್ಲ ಟೊಳ್ಳು, ಫೇಲಾದವರೆಲ್ಲ ಗಟ್ಟಿ’ ಅಂತ ಈ ನಾಟಕವನ್ನು ಓದಿದರೆ ನಾವು ಜರಡಿ ಆಗುತ್ತೇವೆ. ಅಷ್ಟು ಓದಿದ ಕೈಲಾಸಂ ಓದಿನ ಮೇಲೆ ಹಗೆ ಸಾಧಿಸಲು ಬರೆದದ್ದಲ್ಲ ಇದು. ಅಪ್ಪ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡ. ಮಗನ ಅಂಕ ಒಂದು, ಮಗನ ಯೋಗ್ಯತೆ ಇನ್ನೊಂದು. ಅವೆರಡೂ ಒಬ್ಬನಲ್ಲೇ ಇರಬಹುದು, ಇಲ್ಲದೆಯೂ ಇರಬಹುದು. ತಟ್ಟಿ ನೋಡದೆ ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದ್ದೇ ತಪ್ಪು.

ಕೈಲಾಸಂ ಅವರ ಬದುಕಿಗೂ ಇದೇ ಎಚ್ಚರಿಕೆ ಬೇಕು. ಅವರು ಸರ್ಕಾರಿ ಕೆಲಸ ಬಿಟ್ಟು ನಾಟಕಕ್ಕೆ ಬಂದರು, ಕನ್ನಡಕ್ಕೆ ಲಾಭವಾಯಿತು. ಹಾಗಂತ ಮಾಸ್ಟರ್ಸ್ ಓದು ಅರ್ಧಕ್ಕೆ ಬಿಟ್ಟರೆ ನಾವೂ ಕೈಲಾಸಂ ಆಗುತ್ತೇವೆ ಅಂದುಕೊಳ್ಳೋದಕ್ಕೆ ಆಗುತ್ತಾ? ದೊಡ್ಡವರು ಏನು ಮಾಡಿದರು ಅನ್ನೋದನ್ನು ನಕಲು ಮಾಡಬಹುದು. ಅವರು ಹೇಗೆ ತೂಗಿ ನೋಡಿದರು ಅನ್ನೋದು ನಕಲಿಗೆ ಸಿಗೋದಿಲ್ಲ. ಪ್ರತಿಯೊಬ್ಬರೂ ತಮ್ಮ ತಕ್ಕಡಿಯನ್ನು ತಾವೇ ಹಿಡಿಯಬೇಕು.

ಸೋಹೋದ ಪಂಪು

ಬಿಡಿಸಿ ನೋಡೋದು ಅಂದರೆ ಹೇಗೆ ಅನ್ನೋದಕ್ಕೆ ಲಂಡನ್ನಿನಲ್ಲೇ ಒಂದು ಚೆಂದದ ಉದಾಹರಣೆ ಇದೆ. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಸುತ್ತಾಡಲು ಹೋದಾಗ ಹತ್ತು ನಿಮಿಷ ನಡೆದು ಬ್ರಾಡ್ವಿಕ್ ಸ್ಟ್ರೀಟಿಗೆ ಹೋಗಿ ಬನ್ನಿ. ಅಲ್ಲಿ ಹಿಡಿಯೇ ಇಲ್ಲದ ಒಂದು ನೀರಿನ ಪಂಪು ನಿಂತಿದೆ. ಅದು ಹಳೆಯದರ ಪ್ರತಿಕೃತಿ.

1854ರ ಆಗಸ್ಟ್ ಕೊನೆಯಲ್ಲಿ ಆ ಬೀದಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಆಗ ಅದರ ಹೆಸರು ಬ್ರಾಡ್ ಸ್ಟ್ರೀಟ್. ಹತ್ತೇ ದಿನದಲ್ಲಿ ಸುಮಾರು 500 ಜನ ಸತ್ತರು, ಕೊನೆಗೆ ಸಾವು 600 ದಾಟಿತು. ಕಾಲರಾ ಕೆಟ್ಟ ಗಾಳಿಯಿಂದ, ದುರ್ವಾಸನೆಯಿಂದ ಹರಡುತ್ತೆ ಅಂತ ಆ ಕಾಲದ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. ನಂಬಿಕೆಗೆ ಕಾರಣ ಇಲ್ಲದೆ ಇರಲಿಲ್ಲ. ಕಾಲರಾ ಬಂದ ಕೇರಿಗಳಲ್ಲಿ ನಾತ ಹೊಡೆಯುತ್ತಿದ್ದದ್ದು ನಿಜ. ರೋಗ ಮತ್ತು ನಾತ ಜೊತೆಜೊತೆಯಾಗಿಯೇ ಕಾಣುತ್ತಿದ್ದವು.

ಜಾನ್ ಸ್ನೋ ಅನ್ನುವ ವೈದ್ಯ ಅವೆರಡನ್ನೂ ಬಿಡಿಸಿದ. ಸಾವಾದ ಮನೆಗಳ ಬಾಗಿಲಿಗೆ ಹೋಗಿ ನೀರು ಎಲ್ಲಿಂದ ತರುತ್ತಿದ್ದಿರಿ ಅಂತ ಕೇಳಿದ. ಹೆಚ್ಚಿನವರು ಬ್ರಾಡ್ ಸ್ಟ್ರೀಟ್ ಪಂಪಿನ ಹತ್ತಿರದವರು. ಅಷ್ಟಕ್ಕೇ ಅವನು ನಿಲ್ಲಲಿಲ್ಲ. ಲೆಕ್ಕಕ್ಕೆ ಹೊಂದದವರನ್ನು ಹುಡುಕಿಕೊಂಡು ಹೋದ. ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಯಾರೂ ಕಾಲರಾಕ್ಕೆ ಬಲಿಯಾಗಿರಲಿಲ್ಲ. ಅವರು ಕುಡಿಯುತ್ತಿದ್ದದ್ದು ಬಿಯರ್, ಕಾರ್ಖಾನೆಗೆ ಅದರದ್ದೇ ಬಾವಿಯೂ ಇತ್ತು. ಪಕ್ಕದ ಬಡವರ ಆಶ್ರಮದಲ್ಲಿ 535 ಜನ ಇದ್ದರು, ಸತ್ತವರು ಐವರು ಮಾತ್ರ. ಅಲ್ಲಿಯೂ ಸ್ವಂತ ಬಾವಿ. ಗಾಳಿ ಎಲ್ಲರಿಗೂ ಒಂದೇ, ನೀರು ಬೇರೆ. ಇನ್ನೊಂದು ಕಡೆ, ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತಿದ್ದಳು. ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಇಷ್ಟ ಅಂತ ಅವಳಿಗಾಗಿ ಅಲ್ಲಿಂದಲೇ ನೀರು ಹೋಗುತ್ತಿತ್ತು. ಅಲ್ಲಿ ಗಾಳಿ ಬೇರೆ, ನೀರು ಮಾತ್ರ ಅದೇ. ಇಷ್ಟಾದ ಮೇಲೆ ನಾತದ ವಾದಕ್ಕೆ ನಿಲ್ಲಲು ಜಾಗ ಎಲ್ಲಿ? ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಲಾಯಿತು.

ಈ ಕಥೆಯಲ್ಲಿ ಕಲಿಯಬೇಕಾದದ್ದು ಮೂರು.

ಮೊದಲನೆಯದು, ‘ಬೆಳ್ಳಗಿರೋದೆಲ್ಲ ಹಾಲಲ್ಲ’. ಆ ಪಂಪಿನ ನೀರು ಕಣ್ಣಿಗೆ ಚೆನ್ನಾಗಿಯೇ ಇತ್ತು, ನಾಲಿಗೆಗೂ ರುಚಿಯಾಗಿತ್ತು.

ಎರಡನೆಯದು, ತನ್ನ ಮಾತಿಗೆ ಒಗ್ಗದ ಸಂಗತಿಗಳನ್ನು ಸ್ನೋ ಮುಚ್ಚಿಡಲಿಲ್ಲ, ಹುಡುಕಿ ತಂದ. ಜನ ಊರು ಬಿಟ್ಟು ಓಡಿದ್ದರಿಂದ ಹಿಡಿ ತೆಗೆಯುವ ಮೊದಲೇ ರೋಗ ಇಳಿಮುಖವಾಗಿತ್ತು ಅನ್ನೋದನ್ನೂ ಅವನೇ ಒಪ್ಪಿಕೊಂಡಿದ್ದ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುವ ನಮ್ಮ ಗಾದೆ ಹೇಳೋದೂ ಇದನ್ನೇ.

ಮೂರನೆಯದು, ಅಲ್ಲಿನ ಚರ್ಚಿನ ಕಿರಿಯ ಪಾದ್ರಿ ಹೆನ್ರಿ ವೈಟ್‌ಹೆಡ್. ಈತ ಸ್ನೋ ಹೇಳೋದು ಸುಳ್ಳು ಅಂತ ತೋರಿಸಲು ಹೊರಟವನು. ಮನೆಮನೆ ಸುತ್ತಿ ವಿಚಾರಿಸಿದ, ಕೊನೆಗೆ ಸ್ನೋ ಹೇಳಿದ್ದೇ ಸರಿ ಅಂತ ಒಪ್ಪಿದ. ಅಷ್ಟೇ ಅಲ್ಲ, ಬಾವಿಯ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಮಗುವಿನ ಬಟ್ಟೆ ತೊಳೆದ ನೀರು ಮೋರಿಗುಂಡಿಯ ಮೂಲಕ ಬಾವಿಗೆ ಸೇರಿರಬೇಕು ಅನ್ನುವ ಸುಳಿವನ್ನು ಹುಡುಕಿಕೊಟ್ಟವನೂ ಅವನೇ. ವಾದದಲ್ಲಿ ಸೋತ ವೈಟ್‌ಹೆಡ್ ವಿವೇಕದಲ್ಲಿ ಗೆದ್ದ. ನಮ್ಮ ವಾಟ್ಸಾಪ್ ಗುಂಪಿನ ಚರ್ಚೆಗಳಲ್ಲಿ ಇಂಥ ಒಬ್ಬರಾದರೂ ಇದ್ದರೆ ಎಷ್ಟು ಚೆನ್ನ!

ಯಾವ ಗಾದೆ ಯಾವಾಗ?

‘ಆತುರಗಾರನಿಗೆ ಬುದ್ಧಿ ಮಟ್ಟ’ ಅಂತ ಒಂದು ಗಾದೆ. ‘ಗಾಳಿ ಬಂದಾಗ ತೂರಿಕೋ’ ಅಂತ ಇನ್ನೊಂದು. ಒಂದು ನಿಧಾನಿಸು ಅನ್ನುತ್ತೆ, ಇನ್ನೊಂದು ಬೇಗ ಮಾಡು ಅನ್ನುತ್ತೆ. ಹಾಗಾದರೆ ಯಾವುದು ಸುಳ್ಳು? ಎರಡೂ ನಿಜ. ಯಾವ ಹೊತ್ತಿಗೆ ಯಾವ ಗಾದೆ ಅಂತ ಆರಿಸೋದೇ ವಿವೇಕ. ಅದಕ್ಕೇ ವಿವೇಕವನ್ನು ನಿಯಮದ ಪಟ್ಟಿ ಮಾಡಿ ಗೋಡೆಗೆ ಅಂಟಿಸಲು ಬರೋದಿಲ್ಲ.

ಆದರೂ ಒಂದು ಅಳತೆಗೋಲು ಇದೆ. ತಪ್ಪಾದರೆ ಹಿಂದಕ್ಕೆ ಬರಬಹುದಾ ಅಂತ ಕೇಳಿಕೊಳ್ಳಿ. ಪಂಪಿನ ಹಿಡಿ ತೆಗೆಯಲು ಕಾಲರಾದ ರೋಗಾಣು ಕಣ್ಣಿಗೆ ಬೀಳುವವರೆಗೆ ಕಾಯಬೇಕಿರಲಿಲ್ಲ. ಸ್ನೋ ಹೇಳಿದ್ದು ತಪ್ಪಾಗಿದ್ದರೆ ಮರುದಿನ ಹಿಡಿಯನ್ನು ಮತ್ತೆ ಕೂರಿಸಬಹುದಿತ್ತು. ಸರಿಯಾಗಿದ್ದರೆ ಜೀವ ಉಳಿಯುತ್ತಿತ್ತು. ಅಂಥಲ್ಲಿ ಗಾಳಿ ಬಂದಾಗ ತೂರಿಕೊಳ್ಳಬೇಕು. ಹೊಸ ಕ್ಲಬ್ ಸೇರೋದು, ಗೊತ್ತಿಲ್ಲದ ಪ್ರಾಧ್ಯಾಪಕರಿಗೆ ಇಮೇಲ್ ಬರೆಯೋದು, ಸಂದರ್ಶನಕ್ಕೆ ಅರ್ಜಿ ಹಾಕೋದು ಇಂಥವು. ಹೆಚ್ಚೆಂದರೆ ‘ಇಲ್ಲ’ ಅಂತಾರೆ. ಆದರೆ ಗುರುತಿಲ್ಲದವರ ಖಾತೆಗೆ ದುಡ್ಡು ಕಳಿಸೋದು, ಸಹಿ ಹಾಕೋದು, ಓದು ಬಿಡೋದು, ಸಿಟ್ಟಿನಲ್ಲಿ ಒಂದು ಸಂಬಂಧ ಕಡಿದುಕೊಳ್ಳೋದು ಹಾಗಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಮಾಧಾನ ಆದಮೇಲೆ ಬಂದೀತೇ? ಅಲ್ಲಿ ಕೊಡದ ನೀರು ತಿಳಿಯಾಗುವವರೆಗೆ ಕಾಯಲೇಬೇಕು. ಹೆಚ್ಚಿನ ಸಲ ಒಂದು ರಾತ್ರಿ ಸಾಕು.

ನಮ್ಮ ಬಾಗಿಲಿಗೆ ಬಂದಾಗ

ಈಗ ಸೂತ್ರವನ್ನು ನಮ್ಮ ದಿನನಿತ್ಯಕ್ಕೆ ಹಚ್ಚಿ ನೋಡೋಣ. ನಾಲ್ಕು ಸಂದರ್ಭ ತೆಗೆದುಕೊಳ್ಳೋಣ. ಪ್ರತಿಯೊಂದರಲ್ಲೂ ಯಾವ ಎರಡು ವಿಷಯ ಅಂಟಿಕೊಂಡು ಬಂದಿವೆ ಅಂತ ನೋಡಿ.

ಒಂದು, ಫೋನ್ ಕರೆ. “ಹೋಂ ಆಫೀಸಿಂದ ಮಾತಾಡ್ತಿದ್ದೀವಿ. ನಿಮ್ಮ ವೀಸಾದಲ್ಲಿ ತಪ್ಪಿದೆ. ಈಗಲೇ ದಂಡ ಕಟ್ಟದಿದ್ದರೆ ಗಡೀಪಾರು. ಲೈನ್ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ.” ಅವರಿಗೆ ನಿಮ್ಮ ಹೆಸರು, ವಿಶ್ವವಿದ್ಯಾಲಯ ಎಲ್ಲಾ ಗೊತ್ತಿರುತ್ತೆ. ನಮ್ಮ ವಿವರ ಗೊತ್ತಿರೋದು ಒಂದು ವಿಷಯ, ಅವರು ಅಧಿಕಾರಿ ಆಗಿರೋದು ಇನ್ನೊಂದು ವಿಷಯ. ಪರದೆ ಮೇಲೆ ಕಾಣುವ ನಂಬರನ್ನೂ ನಕಲಿ ಮಾಡಬಹುದು. ಹೋಂ ಆಫೀಸು ಫೋನ್ ಮಾಡಿ ದಂಡ ವಸೂಲಿ ಮಾಡೋದಿಲ್ಲ. ‘ಯಾರಿಗೂ ಹೇಳಬೇಡಿ’ ಅನ್ನುವ ಮಾತೇ ಮುಖ್ಯ ಸುಳಿವು. ನೀರು ತಿಳಿಯಾಗಬಾರದು ಅಂತ ಕೊಡವನ್ನು ಅಲ್ಲಾಡಿಸುತ್ತಲೇ ಇರೋದು ಅವರ ಉಪಾಯ. ಫೋನ್ ಇಡಿ. ಬ್ಯಾಂಕಿನ ಹೆಸರು ಹೇಳಿ ಬಂದ ಕರೆಯಾದರೆ 159ಕ್ಕೆ ನೀವೇ ಕರೆ ಮಾಡಿ, ಹೆಚ್ಚಿನ ದೊಡ್ಡ ಬ್ಯಾಂಕುಗಳಿಗೆ ಅದು ನೇರವಾಗಿ ಸೇರಿಸುತ್ತೆ. ಊರಲ್ಲಿರುವ ಅಪ್ಪ ಅಮ್ಮನಿಗೂ ಹೇಳಿಡಿ. “ನಿಮ್ಮ ಮಗಳು ಲಂಡನ್ನಿನಲ್ಲಿ ಸಿಕ್ಕಿಬಿದ್ದಿದ್ದಾಳೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ” ಅಂತ ಯಾರಾದರೂ ಹೆದರಿಸಿದರೆ, ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ ಅಂತ ಅವರಿಗೆ ಗೊತ್ತಿರಲಿ.

ಎರಡು, ರೂಮು. ಫೋಟೋ ಚೆನ್ನಾಗಿದೆ, ಬಾಡಿಗೆ ಕಡಿಮೆ, ಟ್ಯೂಬ್ ಸ್ಟೇಷನ್ ಹತ್ತಿರ. “ನಾಲ್ಕು ಜನ ಕೇಳ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಕಳಿಸಿ.” ಫೋಟೋ ನಿಜವಿರಬಹುದು, ಆ ಮನೆಯನ್ನು ಬಾಡಿಗೆಗೆ ಕೊಡುವ ಹಕ್ಕು ಅವನಿಗಿದೆ ಅನ್ನೋದು ಬೇರೆ. ಮನೆಯನ್ನು ನೀವೋ ನಿಮ್ಮ ಪರವಾಗಿ ಗೆಳೆಯರೋ ನೋಡುವವರೆಗೆ ದುಡ್ಡು ಬೇಡ. ಕಾನೂನೂ ನಮ್ಮ ಜೊತೆಗಿದೆ. 2019ರ ಬಾಡಿಗೆದಾರರ ಶುಲ್ಕ ಕಾಯ್ದೆಯ ಪ್ರಕಾರ ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇರುವ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಮನೆ ಕಾದಿರಿಸಲು ಕೇಳುವ ಹಣ ಒಂದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಸಾಮಾನ್ಯ ಖಾಸಗಿ ಬಾಡಿಗೆಯಲ್ಲಿ ಮಾಲೀಕರು ಠೇವಣಿಯನ್ನು 30 ದಿನದೊಳಗೆ ಸರ್ಕಾರದ ಮಾನ್ಯತೆ ಇರುವ ರಕ್ಷಣಾ ಯೋಜನೆಯಲ್ಲಿ ಇಡಬೇಕು. ಮಾಲೀಕರ ಮನೆಯಲ್ಲೇ ಒಂದು ರೂಮಿನಲ್ಲಿ ಇರುವವರಿಗೆ ಈ ರಕ್ಷಣಾ ನಿಯಮ ಅನ್ವಯಿಸೋದಿಲ್ಲ. ಹಾಗಾಗಿ ಸಹಿಗೆ ಮೊದಲು ನಿಮ್ಮದು ಯಾವ ಬಗೆಯ ಒಪ್ಪಂದ ಅಂತ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರದಲ್ಲಿ ತೋರಿಸಿ. ಸಲಹೆಗೆ ದುಡ್ಡಿಲ್ಲ.

ಮೂರು, ಖಾತೆ. “ಮಗಾ, ನಿನ್ನ ಅಕೌಂಟಿಗೆ 3,000 ಪೌಂಡ್ ಬರುತ್ತೆ. 200 ನೀನಿಟ್ಕೊ, ಉಳಿದದ್ದು ಈ ಅಕೌಂಟಿಗೆ ಹಾಕು.” ಕೇಳೋದಕ್ಕೆ ಸಹಾಯ, ಕಾನೂನಿನ ಕಣ್ಣಲ್ಲಿ ಅಕ್ರಮ ಹಣ ಸಾಗಣೆ. ಈ ಅಪರಾಧಕ್ಕೆ ಇಲ್ಲಿ ಗರಿಷ್ಠ 14 ವರ್ಷ ಜೈಲು. ಜೈಲಿನವರೆಗೆ ಹೋಗದಿದ್ದರೂ ಬ್ಯಾಂಕು ಖಾತೆ ಮುಚ್ಚುತ್ತೆ, ವಂಚನೆಯ ಗುರುತು ಆರು ವರ್ಷದವರೆಗೆ ದಾಖಲೆಯಲ್ಲಿ ಉಳಿಯಬಹುದು. ಆಮೇಲೆ ಸಂಬಳದ ಖಾತೆ ತೆರೆಯೋದೂ ಕಷ್ಟ.

ಇಲ್ಲಿ ಅಂಟಿಕೊಂಡಿರುವ ಎರಡು ವಿಷಯ ನಮಗೆ ಸ್ವಲ್ಪ ನೋವು ಕೊಡುವಂಥವು. ಇಂಥ ಮಾತು ಕನ್ನಡದಲ್ಲೇ ಬರಬಹುದು, ನಮ್ಮ ಜಿಲ್ಲೆಯವನ ಬಾಯಿಂದಲೇ ಬರಬಹುದು. ಪರದೇಶದಲ್ಲಿ ‘ಏನ್ ಸಮಾಚಾರ’ ಅಂತ ಯಾರಾದರೂ ಕೇಳಿದರೆ ಮನಸ್ಸು ಕರಗುತ್ತೆ. ಕರಗಲಿ, ಅದು ತಪ್ಪಲ್ಲ. ನಮ್ಮ ಸಂಘ ಇರೋದೂ ಆ ಪ್ರೀತಿಯ ಮೇಲೆ. ಆದರೆ ನಮ್ಮ ಭಾಷೆಯವನು ಅನ್ನೋದು ಒಂದು, ಹೇಳುತ್ತಿರೋದು ಸರಿ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಊಟಕ್ಕೆ ಕರೆಯಿರಿ. ಎರಡನೆಯದಕ್ಕೆ ಕಾಗದಪತ್ರ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಕಾಯಿ ಟೊಳ್ಳು ಅಂತ ಸದ್ದಿನಲ್ಲೇ ಗೊತ್ತಾಯಿತು.

ನಾಲ್ಕು, ಕೆಲಸ. ಪದವಿ ಓದುವ ವೀಸಾ ಇರುವವರು ತರಗತಿ ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಸ್ವಂತ ಉದ್ಯೋಗ ಮಾಡುವಂತಿಲ್ಲ. ಊಟ ತಲುಪಿಸುವ ಆ್ಯಪ್‌ಗಳಲ್ಲಿ ಹೆಚ್ಚಿನ ಕೆಲಸ ಸ್ವಂತ ಉದ್ಯೋಗದ ಲೆಕ್ಕಕ್ಕೇ ಬರುತ್ತೆ. ಇನ್ನೊಬ್ಬರ ಖಾತೆ ಬಾಡಿಗೆಗೆ ಪಡೆದು ಓಡಿಸಿದರೆ ಒಂದರ ಮೇಲೊಂದು ತಪ್ಪು. “ಎಲ್ಲರೂ ಮಾಡ್ತಾರೆ, ಏನಾಗಲ್ಲ ಬಿಡು” ಅನ್ನುವ ಮಾತನ್ನು ಬಿಡಿಸಿ ನೋಡಿ. ಎಲ್ಲರೂ ಮಾಡೋದು ಒಂದು, ಸಿಕ್ಕಿಬಿದ್ದಾಗ ಯಾರ ವೀಸಾ ಹೋಗುತ್ತೆ ಅನ್ನೋದು ಇನ್ನೊಂದು. ಊರಲ್ಲಿ ಸೈಟಿನ ಪತ್ರ ಅಡ ಇಟ್ಟು ಕಳಿಸಿದವರ ಸಾಲ ‘ಎಲ್ಲರೂ’ ಬಂದು ತೀರಿಸೋದಿಲ್ಲ. ವೀಸಾ ವಿಷಯದಲ್ಲಿ ಸಲಹೆ ಕೊಡಲು ಇಲ್ಲಿ ಕಾನೂನಿನ ಪ್ರಕಾರ ನೋಂದಣಿ ಅಥವಾ ಅರ್ಹತೆ ಬೇಕು. ಗುಂಪಿನಲ್ಲಿ ಫಾರ್ವರ್ಡ್ ಮಾಡಿದವರಿಗೆ ಅದು ಇರೋದಿಲ್ಲ, ನಿಮ್ಮ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರಿಗೆ ಇರುತ್ತೆ.

ನಮ್ಮನ್ನೇ ತಟ್ಟಿ ನೋಡುವಾಗ

ವಿವೇಕ ಬರೀ ಮೋಸಗಾರರಿಂದ ತಪ್ಪಿಸಿಕೊಳ್ಳುವ ವಿದ್ಯೆ ಅಂದುಕೊಂಡರೆ ಪಾಠ ಅರ್ಧ ಆದಂತೆ. ನಮ್ಮ ಬಗ್ಗೆ ನಾವೇ ಕೊಡುವ ತೀರ್ಪಿಗೂ ಅದು ಬೇಕು.

ಮೊದಲ ಸೆಮಿಸ್ಟರಿನಲ್ಲಿ ಒಂದು ಮಾಡ್ಯೂಲ್ ಹೋಯಿತು ಅಂದುಕೊಳ್ಳಿ. ನವೆಂಬರ್ ತಿಂಗಳು, ನಾಲ್ಕೂವರೆಗೆಲ್ಲ ಕತ್ತಲು. ಊರಿಂದ ಫೋನ್ ಬಂದರೆ “ಎಲ್ಲಾ ಚೆನ್ನಾಗಿದೆ” ಅಂತ ಹೇಳಿ ಇಡುತ್ತೇವೆ. ಆಮೇಲೆ ಒಬ್ಬರೇ ಕೂತು ‘ನಾನು ಪ್ರಯೋಜನಕ್ಕಿಲ್ಲ’ ಅನ್ನುವ ತೀರ್ಪು ಬರೆಯುತ್ತೇವೆ. ಇದು ಟೊಳ್ಳುಗಟ್ಟಿಯ ಅಪ್ಪ ಮಾಡಿದ ತಪ್ಪೇ ಅಲ್ವಾ? ಅಂಕವನ್ನು ನೋಡಿ ಯೋಗ್ಯತೆ ಊಹಿಸಿದ್ದು. ಒಂದು ಪರೀಕ್ಷೆ ಹೋಗಿರೋದು ನಿಜ. ಅದರ ಕಾರಣ ಹುಡುಕಬೇಕು: ಪಾಠ ಅರ್ಥವಾಗಲಿಲ್ಲವೋ, ಕೆಲಸದ ಗಂಟೆ ಜಾಸ್ತಿಯಾಯಿತೋ, ನಿದ್ದೆ ಇಲ್ಲವೋ, ಮನೆಯ ಕೊರಗೋ? ಸ್ನೋ ಮಾಡಿದ ಹಾಗೆ ಮನೆಮನೆ ಬಾಗಿಲು ತಟ್ಟಿ ಕಾರಣ ಬೇರ್ಪಡಿಸಿದರೆ ಪರಿಹಾರ ಕಾಣುತ್ತೆ. ‘ನಾನೇ ಸರಿಯಿಲ್ಲ’ ಅನ್ನೋದು ಊರೆಲ್ಲ ನಾತ ಅಂದ ಹಾಗೆ. ಅದರಿಂದ ಯಾವ ಪಂಪಿನ ಹಿಡಿ ತೆಗೆಯಬೇಕು ಅಂತ ಗೊತ್ತಾಗೋದಿಲ್ಲ. ಇದನ್ನು ಒಬ್ಬರೇ ಮಾಡಬೇಕಿಲ್ಲ. ಟ್ಯೂಟರ್ ಇದ್ದಾರೆ, ವಿಶ್ವವಿದ್ಯಾಲಯದ ಆಪ್ತಸಲಹೆ ಇದೆ, ಡಾಕ್ಟರ ಹತ್ತಿರ ಮನಸ್ಸಿನ ಸಂಕಟವನ್ನೂ ಹೇಳಬಹುದು. ತೀರ ಕಷ್ಟ ಅನ್ನಿಸಿದಾಗ 111ಕ್ಕೆ, ಜೀವಕ್ಕೆ ಅಪಾಯ ಅನ್ನಿಸಿದರೆ 999ಕ್ಕೆ ಕರೆ ಮಾಡಬಹುದು.

ಇನ್ನೊಂದು ಮಾತು. ನಮ್ಮಲ್ಲಿ ಯಾರಾದರೂ ಮೋಸಹೋದರೆ, ಎಡವಿದರೆ, ಆಗಲೂ ಬಿಡಿಸಿ ನೋಡಬೇಕು. ಅವರ ತಪ್ಪು ಒಂದು, ಅವರು ಇನ್ನೊಂದು. “ಇಷ್ಟೂ ಗೊತ್ತಾಗಲ್ವಾ?” ಅಂತ ಒಬ್ಬರನ್ನು ನಕ್ಕರೆ, ಕಷ್ಟದಲ್ಲಿರುವ ಇನ್ನೂ ಮೂವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಿದ ಬಾಯಿ ವಂಚಕರಿಗೆ ಲಾಭ. ಊರಲ್ಲಿ ಅಪ್ಪ, ಚಿಕ್ಕಪ್ಪ, ಅಜ್ಜಿ ಹಂಚಿಕೊಂಡು ಹೊತ್ತಿದ್ದ ಹೊರೆಯನ್ನು ಇಲ್ಲಿ ನಾವು ಒಬ್ಬರಿಗೊಬ್ಬರು ಹೊರಬಹುದು. “ಈ ಮೆಸೇಜ್ ಸ್ವಲ್ಪ ನೋಡ್ತೀಯಾ, ನಂಗ್ಯಾಕೋ ಅನುಮಾನ” ಅಂತ ರಾತ್ರಿ ಹನ್ನೊಂದಕ್ಕೂ ನಾಚಿಕೆಯಿಲ್ಲದೆ ಕೇಳಬಹುದಾದ ಇಬ್ಬರು ಗೆಳೆಯರು ಇದ್ದರೆ ಅದಕ್ಕಿಂತ ದೊಡ್ಡ ಆಸ್ತಿ ಈ ಊರಿನಲ್ಲಿಲ್ಲ.

ವಿವೇಕದ ಬೆಲೆ ಅದು ಇದ್ದಾಗ ಕಾಣಿಸೋದಿಲ್ಲ. ಕಳಿಸದೇ ಉಳಿದ ದುಡ್ಡಿಗೆ ರಸೀದಿ ಇಲ್ಲ, ಹಾಕದೇ ಬಿಟ್ಟ ಸಹಿಗೆ ಪ್ರಶಸ್ತಿ ಇಲ್ಲ. ಹಿಡಿ ಇಲ್ಲದ ಪಂಪಿನಿಂದ ಯಾರು ಬದುಕಿದರು ಅಂತ ಹೆಸರು ಬರೆದ ಕಲ್ಲೂ ಇಲ್ಲ. ಆದರೂ ಅವರು ಬದುಕಿದರು, ಮನೆಗೆ ಹೋದರು, ಊಟ ಮಾಡಿದರು.

ಚರ್ಚೆಗೆ ಪ್ರಶ್ನೆಗಳು

ಮುಂದಿನ ಭೇಟಿಯಲ್ಲಿ ಗುಂಪುಗಳಲ್ಲಿ ಮಾತಾಡೋಣ. ಒಂದೇ ಸರಿ ಉತ್ತರ ಇರಬೇಕು ಅಂತೇನಿಲ್ಲ.

1. ಕಳೆದ ತಿಂಗಳು ನೀವು ಫಾರ್ವರ್ಡ್ ಮಾಡಿದ ಒಂದು ಸುದ್ದಿಯನ್ನು ತೆಗೆಯಿರಿ. ಅದರಲ್ಲಿ ಕಾಳು ಎಷ್ಟು, ಜೊಳ್ಳು ಎಷ್ಟು? ಹೇಗೆ ಗೊತ್ತಾಯಿತು?

2. ‘ಆತುರಗಾರನಿಗೆ ಬುದ್ಧಿ ಮಟ್ಟ’, ‘ಗಾಳಿ ಬಂದಾಗ ತೂರಿಕೋ’. ನಿಮ್ಮ ಮುಂದಿರುವ ಒಂದು ತೀರ್ಮಾನಕ್ಕೆ ಯಾವ ಗಾದೆ ಹೊಂದುತ್ತೆ? ತಪ್ಪಾದರೆ ಹಿಂದಕ್ಕೆ ಬರಬಹುದಾ?

3. ಪುಟ್ಟು ಮತ್ತು ಮಾಧು ಇಬ್ಬರೂ ನಿಮ್ಮ ಫ್ಲ್ಯಾಟಿನಲ್ಲಿದ್ದರೆ, ಯಾರಿಂದ ಏನು ಕಲಿಯುತ್ತೀರಿ?

4. ವೈಟ್‌ಹೆಡ್‌ನ ಹಾಗೆ ನೀವು ಅಭಿಪ್ರಾಯ ಬದಲಿಸಿದ ಒಂದು ಸಂದರ್ಭ ಹೇಳಿ. ಬದಲಿಸಿದ್ದು ಯಾವ ಸಂಗತಿ?

5. ರಾತ್ರಿ ಹನ್ನೊಂದಕ್ಕೆ ನೀವು ಕೇಳಬಹುದಾದ ಆ ಇಬ್ಬರು ಯಾರು? ಇನ್ನೂ ಸಿಕ್ಕಿಲ್ಲವಾದರೆ ಅವತ್ತು ಪಕ್ಕದಲ್ಲಿ ಕೂತವರನ್ನೇ ಮೊದಲು ಮಾತಾಡಿಸಿ.